ಟೊಮೆಟೊ ಲಾರಿ, ತೊಡೆಸಂದಿನ ಗಡ್ಡೆ ಮತ್ತು ಒಂದು ರಾತ್ರಿಯ ಪ್ಲೇಗ್ ಸಂಶಯ

ರೋಗಿ 54 ವರ್ಷದ ಗಂಡಸು, ಕಾಪು ಕಡೆಯವರು. ಬೇಸಿಗೆ ಮುಗಿಯುವವರೆಗೆ ಲಾರಿ ಓಡಿಸುತ್ತಾರೆ, ಮಳೆ ಹಿಡಿದ ಮೇಲೆ ಮನೆಯ ಗದ್ದೆ ನೋಡಿಕೊಳ್ಳುತ್ತಾರೆ. ಆಟಿ ತಿಂಗಳ (ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು) ಮೊದಲ ವಾರ ಉಡುಪಿಯ ನಮ್ಮ ಆಸ್ಪತ್ರೆಗೆ ಬಂದಾಗ ಜ್ವರ ಶುರುವಾಗಿ 12 ದಿನ ಆಗಿತ್ತು. ಬಲ ತೊಡೆಸಂದಿನಲ್ಲಿ ಸುಮಾರು 4 ಸೆಂ.ಮೀ. ಅಗಲದ ಗಡ್ಡೆ, ಮೇಲಿನ ಚರ್ಮ ಕೆಂಪು, ಮುಟ್ಟಿದರೆ ನೋವು. ಕುಂಟುತ್ತಿದ್ದರು, ಆದರೆ ನಡೆದೇ ಬಂದಿದ್ದರು. ಈ ನಡೆದು ಬಂದ ಸಂಗತಿ ಮುಂದೆ ಲೆಕ್ಕಕ್ಕೆ ಬರುತ್ತದೆ. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಾಯಿಸಿದ್ದೇನೆ. ರೋಗದ ಕತೆ ಇದ್ದದ್ದು ಇದ್ದಂತೆಯೇ ಇದೆ.)

ಊರಿನ ಕ್ಲಿನಿಕ್ಕಿನಲ್ಲಿ ಮೂರು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಗಿತ್ತು. ಜ್ವರ ಒಂಚೂರು ಇಳಿದು ಮತ್ತೆ ಏರಿತ್ತು. ಸಕ್ಕರೆ ಕಾಯಿಲೆ ಇದೆ, ಮಾತ್ರೆಯೂ ಇದೆ, ತೆಗೆದುಕೊಳ್ಳುವುದು ಮಾತ್ರ ನೆನಪಾದಾಗ. ಬಂದ ದಿನ ರಕ್ತದ ಸಕ್ಕರೆ 380ರ ಮೇಲಿತ್ತು.

ಕರಾವಳಿಯಲ್ಲಿ ಮಳೆಗಾಲದ ಜ್ವರ ಅಂದರೆ ವೈದ್ಯರ ತಲೆಯಲ್ಲಿ ಒಂದು ಪಟ್ಟಿ ತಾನಾಗಿ ಓಡುತ್ತದೆ. ಇಲಿ ಜ್ವರ, ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್. ಇವರಲ್ಲೂ ಅದೇ ಪರೀಕ್ಷೆಗಳೆಲ್ಲ ಆದವು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ. ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಚ್ಚಿದ ಜಾಗದಲ್ಲಿ ಕಪ್ಪು ಹೆಕ್ಕಳೆ ಇರುತ್ತದೆ ಅಲ್ವಾ, ಅದನ್ನು ಹುಡುಕಿದರು, ಸಿಗಲಿಲ್ಲ. ಕಾಲ್ಬೆರಳ ಸಂದಿಯಲ್ಲಿ ಕೆಸರಿನ ಹುಣ್ಣುಗಳಿದ್ದವು. ಗದ್ದೆಗಿಳಿದವರ ಕಾಲಿನಲ್ಲಿ ಅದಿಲ್ಲದಿದ್ದರೆ ಆಶ್ಚರ್ಯಪಡಬೇಕು, ಹಾಗಾಗಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಗಡ್ಡೆಗೆ ಸೂಜಿ ಹಾಕಿ ತೆಗೆದ ಕೀವು ಸಂಜೆ ಲ್ಯಾಬಿಗೆ ಬಂತು. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು, ಅಂದರೆ ಗ್ರಾಂ ನೆಗೆಟಿವ್. ಆದರೆ ಕಡ್ಡಿಯ ನಡು ಮಾಸಿದಂತಿತ್ತು. ಇನ್ನೊಂದು ಸ್ಲೈಡಿಗೆ ಮೆಥಿಲೀನ್ ಬ್ಲೂ ಹಾಕಿದೆವು. ಆಗ ಚಿತ್ರ ಸ್ಪಷ್ಟವಾಯಿತು. ಪ್ರತಿ ಕಡ್ಡಿಯ ಎರಡು ತುದಿಯಲ್ಲಿ ಗಾಢ ನೀಲಿ, ನಡುವೆ ಬಹುತೇಕ ಖಾಲಿ. ಮೈಕ್ರೋಬಯಾಲಜಿ ಓದಿದ ಯಾರಿಗೂ ಮರೆಯದ ‘ಸೇಫ್ಟಿ ಪಿನ್’ ನೋಟ. ಸ್ಲೈಡ್ ನೋಡುತ್ತಿದ್ದ ಪಿ.ಜಿ. ವಿದ್ಯಾರ್ಥಿನಿ ತಲೆ ಎತ್ತಿ, ದನಿ ತಗ್ಗಿಸಿ ಕೇಳಿದಳು: “ಸರ್, ಇದು ಪ್ಲೇಗಾ?”

ನಗುವ ಪ್ರಶ್ನೆ ಅಲ್ಲ. ಕೇಸ್ ಶೀಟಿನಲ್ಲಿ ‘ಪ್ರಯಾಣ’ ಅನ್ನುವ ಸಾಲಿನ ಮುಂದೆ ‘ಕೋಲಾರ’ ಎಂದು ಬರೆದಿತ್ತು. ಇವರು ಓಡಿಸುತ್ತಿದ್ದದ್ದು ಟೊಮೆಟೊ ಲಾರಿ. ಕೋಲಾರದ ಮಾರುಕಟ್ಟೆಯಿಂದ ಮಂಗಳೂರು, ಉಡುಪಿಗೆ. ಲೋಡ್ ಆಗುವವರೆಗೆ ಮಂಡಿಯಲ್ಲೇ ಮಲಗುತ್ತಿದ್ದರು. ಅಲ್ಲಿ ಇಲಿಗಳ ಕಾಟ ಇತ್ತು ಎಂದು ಹೆಂಡತಿ ಹೇಳಿದ್ದರು. ಇನ್ನು ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಆ ಮೂಲೆ ಪ್ಲೇಗಿನ ಹಳೆಯ ನೆಲೆ. ಅಲ್ಲಿನ ಕಾಡು ಇಲಿಗಳ ಮೇಲೆ ಕಣ್ಣಿಡಲು ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ಲೇಗ್ ಸರ್ವೇಕ್ಷಣಾ ಘಟಕವೇ ಇದೆ. ಜ್ವರ, ತೊಡೆಸಂದಿನ ಗಡ್ಡೆ, ಇಲಿ, ಕೋಲಾರ, ಸೇಫ್ಟಿ ಪಿನ್. ಐದನ್ನೂ ಒಂದು ಕಾಗದದಲ್ಲಿ ಬರೆದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ಆಗುತ್ತದೆ.

ಪ್ಲೇಗ್ ತರುವ ಬ್ಯಾಕ್ಟೀರಿಯಾ ಹೆಸರು ಯರ್ಸಿನಿಯಾ ಪೆಸ್ಟಿಸ್. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯರ್ಸಿನ್ ಸತ್ತವರ ಗಡ್ಡೆಯಿಂದ ಇದನ್ನು ಬೇರ್ಪಡಿಸಿದ. ಎರಡು ವರ್ಷಕ್ಕೆ ರೋಗ ಬೊಂಬಾಯಿಗೆ ಬಂತು, 1898ಕ್ಕೆ ಬೆಂಗಳೂರಿಗೆ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಚಿಗಟ ಎಂದು ತೋರಿಸಿದ. ಚಿಗಟದ ಹೊಟ್ಟೆಯೊಳಗೆ ಈ ಬ್ಯಾಕ್ಟೀರಿಯಾ ಅಂಟಂಟಾದ ಮುದ್ದೆ ಕಟ್ಟಿ ಗಂಟಲ ದಾರಿಯನ್ನೇ ಮುಚ್ಚಿಬಿಡುತ್ತದೆ. ಕುಡಿದ ರಕ್ತ ಒಳಗೆ ಹೋಗುವುದಿಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಲ್ಲೆಲ್ಲ ಆ ಮುದ್ದೆಯ ಚೂರನ್ನು ಕಕ್ಕುತ್ತದೆ. ಇಲಿ ಸತ್ತು ತಣ್ಣಗಾದಾಗ ಚಿಗಟ ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತದೆ. ಸುತ್ತಲಿನ ಇಲಿಗಳು ಸತ್ತು ಮುಗಿದರೆ ಆ ಮೈ ಮನುಷ್ಯನದು.

ಕಚ್ಚಿದ್ದು ಕಾಲಿಗಾದರೆ ಗಡ್ಡೆ ತೊಡೆಸಂದಿಗೆ ಬರುತ್ತದೆ. ಹೆಚ್ಚಿನವರಿಗೆ ಚಿಗಟ ಕಚ್ಚುವುದು ಕಾಲಿಗೇ. ಚಿಕಿತ್ಸೆ ಇಲ್ಲದಿದ್ದರೆ ಗಡ್ಡೆ ಪ್ಲೇಗಿನಲ್ಲಿ 100ಕ್ಕೆ 30ರಿಂದ 60 ಜನ ಸಾಯುತ್ತಾರೆ. ಶ್ವಾಸಕೋಶಕ್ಕೆ ಇಳಿದರೆ, ಚಿಕಿತ್ಸೆ ಇಲ್ಲದೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಆ ಹಂತದಲ್ಲಿ ಕೆಮ್ಮಿನಿಂದ ಇನ್ನೊಬ್ಬರಿಗೂ ಹರಡುತ್ತದೆ. ಸರಿಯಾದ ಆ್ಯಂಟಿಬಯಾಟಿಕ್ ಬೇಗ ಕೊಟ್ಟರೆ ಮಾತ್ರ ಇದು ಗುಣವಾಗುವ ಕಾಯಿಲೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲ ಹಳೇ ಔಷಧಿಗಳೇ.

ಆ ರಾತ್ರಿ ಮಾಡಿದ್ದು

ಸೇಫ್ಟಿ ಪಿನ್ ನೋಟ ಪ್ಲೇಗಿನ ಸ್ವಂತ ಆಸ್ತಿ ಅಲ್ಲ. ನಮ್ಮ ಕರಾವಳಿಯ ಮಣ್ಣಿನಲ್ಲೇ ಇರುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇದೇ ವೇಷದಲ್ಲಿ ಕಾಣಿಸುತ್ತದೆ. ಅದು ಬರ್ಖೋಲ್ಡೇರಿಯಾ ಸೂಡೋಮಲೈ, ಮೆಲಿಯೊಯ್ಡೋಸಿಸ್ ಕಾಯಿಲೆಯ ಮೂಲ. ಉಡುಪಿ, ಮಣಿಪಾಲ, ಮಂಗಳೂರಿನ ಲ್ಯಾಬುಗಳಿಗೆ ಇದು ಪ್ರತಿ ಮಳೆಗಾಲದ ಗಿರಾಕಿ. ಸಕ್ಕರೆ ಕಾಯಿಲೆ, ಕೆಸರು, ಕಾಲಿನ ಗಾಯ, ಇವು ಮೂರೂ ಕೂಡಿದರೆ ನಾವು ಮೊದಲು ಹುಡುಕುವುದು ಇದನ್ನೇ.

ಹಾಗಾದರೆ ಪ್ಲೇಗ್ ಅನ್ನುವ ಮಾತು ಬಿಟ್ಟುಬಿಡಬಹುದಿತ್ತಲ್ಲ? ಬಿಡುವ ಹಾಗಿರಲಿಲ್ಲ. ತೊಡಕು ಇದ್ದದ್ದು ಔಷಧಿಯಲ್ಲಿ. ಪ್ಲೇಗಿಗೆ ನೆಚ್ಚುವ ಜೆಂಟಾಮೈಸಿನ್ ಮೆಲಿಯೊಯ್ಡೋಸಿಸ್ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ತಟ್ಟುವುದೇ ಇಲ್ಲ. ಹುಟ್ಟಿನಿಂದಲೇ ಅದಕ್ಕೆ ಆ ಔಷಧಿಯ ಹೆದರಿಕೆ ಇಲ್ಲ. ಮೆಲಿಯೊಯ್ಡೋಸಿಸ್‌ಗೆ ಕೊಡುವ ಸೆಫ್ಟಾಜಿಡೈಮನ್ನು ಪ್ಲೇಗಿಗೆ ಯಾರೂ ನಂಬುವುದಿಲ್ಲ. ಒಂದನ್ನೇ ನೆಚ್ಚಿಕೊಂಡು ಊಹೆ ತಪ್ಪಾದರೆ ರೋಗಿ ಕೈತಪ್ಪುತ್ತಾರೆ. ಎರಡು ರೋಗವೂ ರಕ್ತಕ್ಕೆ ಇಳಿದರೆ ಬೆಳಗಿನವರೆಗೆ ಕಾಯುವುದಿಲ್ಲ.

ಮೆಡಿಸಿನ್ ವಿಭಾಗದ ಹಿರಿಯರು ಹೆಚ್ಚು ಚರ್ಚೆ ಮಾಡಲಿಲ್ಲ. ಮೆರೊಪೆನೆಮ್ ಜೊತೆಗೆ ಡಾಕ್ಸಿಸೈಕ್ಲಿನ್ ಬರೆದರು. ಮೊದಲನೆಯದು ಮೆಲಿಯೊಯ್ಡೋಸಿಸ್‌ಗೆ. ಎರಡನೆಯದು ಪ್ಲೇಗಿಗೂ ಆಯಿತು, ಸ್ಕ್ರಬ್ ಟೈಫಸ್‌ಗೂ ಆಯಿತು, ಇಲಿ ಜ್ವರಕ್ಕೂ ಆಯಿತು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಈ ಎರಡು ಸಾಲಿನ ಚೀಟಿ. ಉತ್ತರ ಗೊತ್ತಾಗುವ ಮೊದಲೇ ಎರಡೂ ಕಡೆ ಬಾಗಿಲು ಹಾಕಿದ್ದರು.

ರೋಗಿಯನ್ನು ಒಂಟಿ ಕೋಣೆಗೆ ಹಾಕಿದರು. ಒಳಗೆ ಹೋಗುವವರಿಗೆ ಮಾಸ್ಕ್, ಗ್ಲೌಸ್. ಎದೆಯ ಎಕ್ಸ್‌ರೇ ಆಯಿತು, ಶ್ವಾಸಕೋಶ ಶುಭ್ರವಾಗಿತ್ತು. ಕೆಮ್ಮೂ ಇರಲಿಲ್ಲ. ಅಲ್ಲಿಗೆ ಅರ್ಧ ಭಯ ಇಳಿಯಿತು. ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡಿ ‘ಖಚಿತ ಅಲ್ಲ, ಸಂಶಯ ಮಾತ್ರ’ ಎಂದು ತಿಳಿಸಿದೆವು. ಪ್ಲೇಗಿನ ವಿಷಯದಲ್ಲಿ ಖಚಿತವಾದ ಮೇಲೆ ಹೇಳೋಣ ಅನ್ನುವ ಸಂಕೋಚ ಇಟ್ಟುಕೊಳ್ಳಬಾರದು. ಲ್ಯಾಬಿನಲ್ಲಿ ಅವರ ಮಾದರಿಗಳನ್ನೆಲ್ಲ ಸೇಫ್ಟಿ ಕ್ಯಾಬಿನೆಟ್ ಒಳಗೆ ಮಾತ್ರ ತೆರೆಯಬೇಕು ಎಂದು ಚೀಟಿ ಅಂಟಿಸಿದೆವು. ಎರಡರಲ್ಲಿ ಯಾವುದೇ ಆಗಿರಲಿ, ಮೇಜಿನ ಮೇಲೆ ತೆರೆದಿಟ್ಟು ನೋಡುವ ಜೀವಿ ಅದಲ್ಲ.

ಪತ್ತನಾಜೆಯ ಲೆಕ್ಕ

ಇನ್ನು ಬಾಕಿ ಇದ್ದದ್ದು ರೋಗಿಯ ಹತ್ತಿರ ಕೂತು ಮಾತಾಡುವುದು. ಕೇಸ್ ಶೀಟಿನಲ್ಲಿ ‘ಕೋಲಾರ’ ಅಂತ ಇತ್ತೇ ಹೊರತು ಯಾವಾಗ ಅಂತ ಇರಲಿಲ್ಲ. ಬಂದ ಗಡಿಬಿಡಿಯಲ್ಲಿ ಹೆಂಡತಿ ಹೇಳಿದ್ದನ್ನು ಬರೆದುಕೊಂಡಿದ್ದರು. ಡ್ಯೂಟಿ ಡಾಕ್ಟರ್ ತುಳು ಬಲ್ಲವರು. ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಕೊನೆಯ ಟ್ರಿಪ್ ಯಾವಾಗ ಎಂದು ಕೇಳಿದರು. ರೋಗಿ ತಡಮಾಡದೆ ಹೇಳಿದರು: ಪತ್ತನಾಜೆ ಆದ ಮೇಲೆ ಲಾರಿ ಹತ್ತಲೇ ಇಲ್ಲ.

ತುಳುನಾಡಿನವರಿಗೆ ಬೇರೆ ತಾರೀಕು ಬೇಡ. ಪತ್ತನಾಜೆ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಇವರಿಗೆ ಜ್ವರ ಬಂದದ್ದು ಜುಲೈಯಲ್ಲಿ. ನಡುವೆ ಆರು ವಾರ ದಾಟಿತ್ತು. ಗಡ್ಡೆ ಪ್ಲೇಗ್ ಚಿಗಟ ಕಚ್ಚಿದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಆರು ವಾರ ಮೈಯೊಳಗೆ ಅಡಗಿ ಕೂರುವ ಜಾಯಮಾನ ಅದರದ್ದಲ್ಲ. ಕೋಲಾರದ ನಂಟು ಅಲ್ಲಿಗೇ ಕಡಿಯಿತು.

ಇಲಿಗಳ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಇಲಿ ಇತ್ತಾ ಅಂತ ಅಲ್ಲ, ಇಲಿ ಸತ್ತು ಬಿದ್ದಿದ್ದವಾ ಅಂತ. ಇಲಿ ಇಲ್ಲದ ಮಂಡಿ ಎಲ್ಲಿದೆ? ಘಟ್ಟದ ಬುಡದವರಿಗೆ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಹೇಳಬೇಕು ಅನ್ನುವುದು ಮಂಗನ ಕಾಯಿಲೆಯಿಂದಾಗಿ ಗೊತ್ತಿದೆ. ಪ್ಲೇಗಿನಲ್ಲಿ ಆ ಮುನ್ಸೂಚನೆ ಕೊಡುವುದು ಇಲಿಗಳ ಸಾವು. ಈ ಪ್ರಶ್ನೆಗೆ ರೋಗಿ ಜ್ವರದಲ್ಲೂ ನಕ್ಕರಂತೆ. “ಸಾಯುವುದಾ? ಟೊಮೆಟೊ ತಿಂದು ಕೊಬ್ಬಿದ್ದವು ಡಾಕ್ಟ್ರೇ.”

ಆಮೇಲೆ ಗದ್ದೆಯ ವಿಷಯ ಬಂತು. ಜೂನ್ ಕೊನೆಗೆ ನೇಜಿ ನೆಡುವ ಕೆಲಸ, ಬರಿಗಾಲು, ಬೆರಳ ಸಂದಿಯಲ್ಲಿ ಹುಣ್ಣು. ಮಣ್ಣಿನಿಂದ ಗಾಯಕ್ಕೆ ಹೊಕ್ಕ ಮೆಲಿಯೊಯ್ಡೋಸಿಸ್ ಕಾಣಿಸಿಕೊಳ್ಳಲು ಹೆಚ್ಚಾಗಿ 1ರಿಂದ 21 ದಿನ ಬೇಕು. ಈ ಲೆಕ್ಕ ಸರಿಯಾಗಿ ಕೂತಿತು.

ರೋಗ ನಡೆದ ರೀತಿಯೂ ಪ್ಲೇಗಿಗೆ ಹೊಂದುತ್ತಿರಲಿಲ್ಲ. ಪ್ಲೇಗಿನ ಗಡ್ಡೆ ಒಂದೆರಡು ದಿನದಲ್ಲಿ ಏಳುತ್ತದೆ. ನೋವು ಎಷ್ಟೆಂದರೆ ರೋಗಿ ಕಾಲು ಮಡಚಿಕೊಂಡೇ ಮಲಗಿರುತ್ತಾನೆ, ಬಟ್ಟೆ ತಾಗಿದರೂ ಕೂಗುತ್ತಾನೆ. ಸರಿಯಾದ ಔಷಧಿ ಸಿಗದೆ 12 ದಿನ ಕಳೆದ ಪ್ಲೇಗ್ ರೋಗಿ ಸಕ್ಕರೆ ಕಾಯಿಲೆಯನ್ನೂ ಇಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿ ಬರುವುದು ಕಷ್ಟ.

ಹತ್ತು ಸೆಕೆಂಡಿನ ಪರೀಕ್ಷೆ

ಕೀವಿನಲ್ಲಿದ್ದ ಬ್ಯಾಕ್ಟೀರಿಯಾ ಬೆಳೆಯಲೆಂದು ಇಟ್ಟಿದ್ದ ಪ್ಲೇಟ್ ಮಾರನೇ ದಿನ ತೆಗೆದಾಗ, ಬ್ಲಡ್ ಅಗರ್ ಎಂಬ ಪೋಷಕದ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೂದು ಚುಕ್ಕಿಗಳಿದ್ದವು. ಮೆಕಾಂಕಿ ಎಂಬ ಇನ್ನೊಂದು ಪೋಷಕದ ಮೇಲೆ ಬಣ್ಣವಿಲ್ಲದ ಬೆಳವಣಿಗೆ. ಇಲ್ಲಿಯವರೆಗೆ ಎರಡೂ ಜೀವಿಗಳು ಒಂದೇ ರೀತಿ ಕಾಣಿಸುತ್ತವೆ. ಸುಮ್ನೆ ನೋಡಿ ಹೇಳುವ ಹಾಗಿಲ್ಲ.

ಆಕ್ಸಿಡೇಸ್ ಎನ್ನುವ ಕಿಣ್ವ ಇರುವ ಬ್ಯಾಕ್ಟೀರಿಯಾ ತಾಗಿದರೆ ನೇರಳೆಯಾಗುವ ಕಾಗದದ ಸಣ್ಣ ಚೌಕ ಒದ್ದೆ ಮಾಡಿ, ಮರದ ಕಡ್ಡಿಯ ತುದಿಯಲ್ಲಿ ಒಂದು ಕಾಲನಿ ಎತ್ತಿ ಅದರ ಮೇಲೆ ಎಳೆದೆವು. ಮರದ ಕಡ್ಡಿ ಯಾಕೆ ಅಂದರೆ, ನೈಕ್ರೋಮ್ ತಂತಿಯಲ್ಲಿ ಮಾಡಿದರೆ ಲೋಹವೇ ಬಣ್ಣ ಬರಿಸಿ ಮೋಸ ಮಾಡಬಹುದು. ಎಳೆದ ಗೆರೆ ಮೊದಲು ಮಾಸಲು, ಆಮೇಲೆ ಅಂಚಿನಲ್ಲಿ ನೇರಳೆ, ಹತ್ತು ಸೆಕೆಂಡಿನೊಳಗೆ ಪೂರ್ತಿ ಕಡು ನೇರಳೆ. ಆಕ್ಸಿಡೇಸ್ ಪಾಸಿಟಿವ್. ಯರ್ಸಿನಿಯಾ ಪೆಸ್ಟಿಸ್ ಆಗಿದ್ದರೆ ಆ ಕಾಗದದಲ್ಲಿ ಏನೂ ಆಗುತ್ತಿರಲಿಲ್ಲ. ಕಳೆದ ರಾತ್ರಿಯ ಪ್ರಶ್ನೆಗೆ ಲ್ಯಾಬಿನ ಉತ್ತರ ಅಷ್ಟೇ, ಕೆಲವು ರೂಪಾಯಿಯ ಕಾಗದದ ಚೂರು.

ಉಳಿದದ್ದೂ ಅದೇ ದಾರಿಯಲ್ಲಿ ಬಂತು. ಬ್ಯಾಕ್ಟೀರಿಯಾ ಈಜುತ್ತಿತ್ತು. ಪ್ಲೇಗಿನದ್ದು ಈಜುವುದೇ ಇಲ್ಲ. ಔಷಧಿ ಡಿಸ್ಕ್ ಇಟ್ಟ ಪ್ಲೇಟಿನಲ್ಲಿ ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಡಿಸ್ಕಿನ ಬುಡದವರೆಗೂ ಬೆಳೆದಿತ್ತು, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸುತ್ತ ಮಾತ್ರ ಖಾಲಿ ವೃತ್ತ, ಅಂದರೆ ಅದನ್ನು ತಡೆದದ್ದು ಆ ಔಷಧಿ ಮಾತ್ರ. ಕರಾವಳಿಯ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಈ ಮೂರು ಡಿಸ್ಕಿನ ಮಾದರಿ ಹೆಸರು ಹಿಡಿದು ಕರೆದಷ್ಟೇ ಸ್ಪಷ್ಟ. ಮೂರನೇ ದಿನಕ್ಕೆ ಕಾಲನಿಗಳು ಒಣಗಿ ಸುಕ್ಕುಗಟ್ಟಿ, ಅಂಚಿನಿಂದ ನಡುವಿಗೆ ಗೆರೆಗಳು ಬಿದ್ದವು. ಈ ಹೊತ್ತಿಗೆ ಪ್ಲೇಟಿನಿಂದ ಮಣ್ಣಿನ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿದೆ. ಮೂಸಿ ನೋಡಬಾರದು ಎಂದು ನಾವು ಮಕ್ಕಳಿಗೆ ಗದರಿಸಿ ಹೇಳುತ್ತೇವೆ. ಉಸಿರಿನ ಮೂಲಕವೂ ಇದು ಒಳಹೋಗುತ್ತದೆ.

ರಕ್ತದ ಕಲ್ಚರಿನಲ್ಲೂ ಅದೇ ಬೆಳೆಯಿತು. ಜೀವಿಯನ್ನು ಗುರುತಿಸುವ ಯಂತ್ರ ಮಾತ್ರ ಇದನ್ನು ಬರ್ಖೋಲ್ಡೇರಿಯಾ ಸೆಪೇಸಿಯಾ ಎಂದಿತು. ಇದು ಇಂಥ ಯಂತ್ರಗಳ ಹಳೇ ಚಾಳಿ, ಹತ್ತಿರದ ನೆಂಟನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ಲೇಟೆಕ್ಸ್ ಪರೀಕ್ಷೆ ಮತ್ತು ಪಿ.ಸಿ.ಆರ್. ಎರಡೂ ಬರ್ಖೋಲ್ಡೇರಿಯಾ ಸೂಡೋಮಲೈ ಎಂದೇ ಹೇಳಿದವು. ಹೊಟ್ಟೆಯ ಸ್ಕ್ಯಾನಿನಲ್ಲಿ ಗುಲ್ಮದೊಳಗೆ (ಸ್ಪ್ಲೀನ್) ಸಣ್ಣ ಸಣ್ಣ ಕೀವಿನ ಗುಳಿಗಳಿದ್ದವು. ಮೆಲಿಯೊಯ್ಡೋಸಿಸ್‌ನಲ್ಲಿ ಇದು ಆಗಾಗ ಕಾಣುವ ಚಿತ್ರ.

ಪಿ.ಜಿ. ವಿದ್ಯಾರ್ಥಿನಿಗೆ ಆ ವಾರ ಒಂದು ಹೆಚ್ಚುವರಿ ಪಾಠ ಸಿಕ್ಕಿತು. ನಮ್ಮ ಹಳೇ ಪಠ್ಯಗಳಲ್ಲಿ ಪ್ಲೇಗ್ ಬ್ಯಾಕ್ಟೀರಿಯಾವನ್ನು ಗುರುತಿಸಲು ತುಪ್ಪದ ವಿಧಾನ ಇದೆ. ಪೋಷಕ ದ್ರವದ ಮೇಲೆ ತುಪ್ಪದ ಹನಿಗಳು ತೇಲುತ್ತಿದ್ದರೆ, ಬ್ಯಾಕ್ಟೀರಿಯಾ ಆ ಹನಿಗಳ ತಳಕ್ಕೆ ಅಂಟಿಕೊಂಡು ಎಳೆ ಎಳೆಯಾಗಿ ಕೆಳಕ್ಕೆ ಇಳಿಬೀಳುತ್ತದೆ. ಬಾಟಲಿ ಅಲುಗಿದರೆ ಎಳೆಗಳು ಕಳಚಿ ಬೀಳುತ್ತವೆ. 1897ರ ಜನವರಿಯಲ್ಲಿ ತನಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಗಾಗಿ ಬೊಂಬಾಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಬೆಳೆಸಿದ್ದು ಹೀಗೆಯೇ. ಈಗ ಇದನ್ನು ಯಾರೂ ಮಾಡುವುದಿಲ್ಲ, ಮಾಡಬಾರದು ಕೂಡ. ಆದರೆ ವೈವಾ ಪರೀಕ್ಷೆಯಲ್ಲಿ ಈ ಪ್ರಶ್ನೆ ಇನ್ನೂ ಬದುಕಿದೆ.

ವಾಟ್ಸ್ಆ್ಯಪ್ ಪ್ಲೇಗ್

ಆಕ್ಸಿಡೇಸ್ ಕಾಗದ ನೇರಳೆಯಾಗುವ ಮೊದಲೇ ಊರಲ್ಲಿ ಪ್ಲೇಗ್ ಬಂದಾಗಿತ್ತು. ಯಾರೋ ಯಾರಿಗೋ ಹೇಳಿ, ಬೆಳಗ್ಗೆ ತಿಂಡಿ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಕೋಲಾರದ ಟೊಮೆಟೊ ತಿನ್ನಬೇಡಿ’ ಅನ್ನುವ ಮೆಸೇಜ್ ಓಡಾಡುತ್ತಿತ್ತು. ಟೊಮೆಟೊದಿಂದ ಪ್ಲೇಗ್ ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕಾದ ಕೆಲಸ ಪಾಪ ಜಿಲ್ಲಾ ಆರೋಗ್ಯ ಕಚೇರಿಯವರ ತಲೆಗೆ ಬಿತ್ತು. ರೋಗಿಯ ಮನೆಯ ಹತ್ತಿರದವರು ಹೆಂಡತಿಯನ್ನು ಹಾಲಿನ ಡಿಪೋದಲ್ಲಿ ದೂರ ನಿಲ್ಲಿಸಿದರಂತೆ. ರೋಗಕ್ಕಿಂತ ಇದು ಅವರಿಗೆ ಜಾಸ್ತಿ ನೋವು ಕೊಟ್ಟಿತು.

ಜನ ಹೆದರಿದ್ದನ್ನು ನಾನು ಮೂಢತನ ಅನ್ನುವುದಿಲ್ಲ. ಹಳೇ ಮೈಸೂರು ಕಡೆ ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆ ಅಜ್ಜಂದಿರ ಬಾಯಲ್ಲಿ ಬಂದಿದೆ. ಮಂಗಳೂರಿಗೂ ಅದು ತಟ್ಟಿತ್ತು. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ಪ್ಲೇಗ್ ಬಂದಾಗ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗ್ ರೋಗಿಗಳಿಗೆಂದೇ ಆಸ್ಪತ್ರೆ ತೆರೆದಿದ್ದರು. 1994ರ ಸೆಪ್ಟೆಂಬರಿನಲ್ಲಿ ಸೂರತ್ ಬಿಟ್ಟು ಲಕ್ಷಾಂತರ ಜನ ರೈಲು, ಬಸ್ಸು ಹತ್ತಿದ್ದನ್ನು ನನ್ನ ವಯಸ್ಸಿನವರು ಟಿ.ವಿ.ಯಲ್ಲಿ ನೋಡಿದ್ದೇವೆ. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಸಿಗದೆ ಹೋಗಿತ್ತು.

ಸೂರತ್ತಿನ ವಿಷಯ ನಮ್ಮ ಪ್ರಕರಣಕ್ಕೆ ಇನ್ನೊಂದು ಕಾರಣಕ್ಕೆ ಹತ್ತಿರ. ಅದು ಪ್ಲೇಗೇ ಅಲ್ಲ, ಮೆಲಿಯೊಯ್ಡೋಸಿಸ್ ಇರಬಹುದು ಎಂದು ವಾದಿಸಿದ ತಜ್ಞರು ಆಗ ಇದ್ದರು. ಆಮೇಲೆ ನಡೆದ ಡಿ.ಎನ್.ಎ. ಪರೀಕ್ಷೆಗಳು ಅಲ್ಲಿನದ್ದು ಯರ್ಸಿನಿಯಾ ಪೆಸ್ಟಿಸ್ ಎಂದೇ ತೋರಿಸಿದವು. ಅಲ್ಲಿ ಅನುಮಾನ ಪ್ಲೇಗಿನಿಂದ ಮೆಲಿಯೊಯ್ಡೋಸಿಸ್ ಕಡೆಗೆ ಹೋಗಿ ಹಿಂದೆ ಬಂತು, ಇಲ್ಲಿ ಉಲ್ಟಾ. ಪ್ಲೇಗ್ ದೇಶ ಬಿಟ್ಟು ಹೋಗಿಲ್ಲ ಎನ್ನುವುದೂ ನಿಜ. 2002ರಲ್ಲಿ ಶಿಮ್ಲಾ ಜಿಲ್ಲೆಯಲ್ಲಿ, 2004ರಲ್ಲಿ ಉತ್ತರಕಾಶಿಯ ಹಳ್ಳಿಯೊಂದರಲ್ಲಿ ಕಾಣಿಸಿಕೊಂಡಿತ್ತು. ಹಾಗಾಗಿ ಆ ವಿದ್ಯಾರ್ಥಿನಿ ‘ಪ್ಲೇಗಾ?’ ಅಂದದ್ದು ಸರಿಯಾಗಿಯೇ ಇತ್ತು. ಆ ಪ್ರಶ್ನೆ ಲ್ಯಾಬಿನ ಬಾಗಿಲು ದಾಟಿ ಫೋನಿಗೆ ಹೋದದ್ದು ಸರಿಯಲ್ಲ.

ಆಮೇಲೆ

ಪ್ಲೇಗ್ ಅಲ್ಲ ಎಂದು ಖಚಿತವಾದ ದಿನವೇ ಒಂಟಿ ಕೋಣೆ ಬಿಡಿಸಿದರು, ಡಾಕ್ಸಿಸೈಕ್ಲಿನ್ ನಿಲ್ಲಿಸಿದರು. ತೊಡೆಸಂದಿನ ಗಡ್ಡೆಯನ್ನು ಸಣ್ಣಗೆ ಕೊಯ್ದು ಕೀವು ತೆಗೆದರು. ಜ್ವರ ಮಾತ್ರ ಬೇಗ ಬಗ್ಗಲಿಲ್ಲ. ಮೆಲಿಯೊಯ್ಡೋಸಿಸ್‌ನಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ಒಂದು ವಾರದ ಮೇಲೂ ಬೇಕಾಗುತ್ತದೆ. ಈ ಹೊತ್ತಿನಲ್ಲಿ ಮನೆಯವರು ‘ಔಷಧಿ ಹಿಡಿಯುತ್ತಿಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗೋಣವಾ’ ಎಂದು ಕೇಳುತ್ತಾರೆ. ಇವರ ಮಗನೂ ಕೇಳಿದ. ವಾರ್ಡಿನ ನರ್ಸ್ ಒಬ್ಬರು ದಿನದ ಜ್ವರದ ಚಾರ್ಟ್ ತೋರಿಸಿ, ಏರುವ ಎತ್ತರ ದಿನದಿಂದ ದಿನಕ್ಕೆ ತಗ್ಗುತ್ತಿದೆ ನೋಡಿ ಎಂದು ಅವನನ್ನು ಕೂರಿಸಿದರು.

ಗುಲ್ಮದಲ್ಲಿ ಕೀವು ಇದ್ದುದರಿಂದ ಇಂಜೆಕ್ಷನ್ ನಾಲ್ಕು ವಾರ ನಡೆಯಿತು. ಅದಾದ ಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳು. ಈ ಎರಡನೇ ಹಂತವೇ ನಿಜವಾದ ತಲೆನೋವು. ಗಡ್ಡೆ ಮಾಯವಾಗಿರುತ್ತದೆ, ಜ್ವರ ಇರುವುದಿಲ್ಲ, ಮಾತ್ರೆ ದೊಡ್ಡದು, ಹೊಟ್ಟೆ ತೊಳಸುತ್ತದೆ. ಅರ್ಧಕ್ಕೆ ಬಿಟ್ಟರೆ ರೋಗ ತಿಂಗಳುಗಳ ನಂತರ ಮತ್ತೆ ಎದ್ದು ಬರುತ್ತದೆ. ಇವರ ರಕ್ತದಲ್ಲಿ ಎರಡನೇ ವಾರ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ಸ್ವಲ್ಪ ಏರಿತು, ಪ್ರಮಾಣ ತಗ್ಗಿಸಿದರು, ಮತ್ತೆ ಸರಿಯಾಯಿತು.

ಬಿಡುಗಡೆ ಮಾಡುವಾಗ ಗಂಬೂಟು ಹಾಕಿಕೊಂಡೇ ಗದ್ದೆಗಿಳಿಯಿರಿ ಎಂದು ಬರೆದುಕೊಟ್ಟಿದ್ದರು. ಗದ್ದೆ ಕಂಡವರಿಗೆ ಗೊತ್ತು, ಮೊಣಕಾಲು ಮಟ್ಟದ ಕೆಸರಿನಲ್ಲಿ ಬೂಟು ಕೆಸರಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ರೋಗಿಯೂ ಅದನ್ನೇ ಹೇಳಿದರು. ಕೊನೆಗೆ ಆದ ಒಪ್ಪಂದ ಬೇರೆ. ಕಾಲಿನಲ್ಲಿ ಗಾಯ ಇರುವಾಗ ಗದ್ದೆಗೆ ಇಳಿಯುವುದಿಲ್ಲ, ನಾಟಿಗೆ ಯಂತ್ರ ಬಾಡಿಗೆಗೆ ತರುತ್ತಾರೆ, ಸಕ್ಕರೆ ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ.

ಮೂರು ತಿಂಗಳ ಕೊನೆಗೆ ಮಾಡಿದ ಸ್ಕ್ಯಾನಿನಲ್ಲಿ ಗುಲ್ಮ ಶುಭ್ರವಾಗಿತ್ತು. ಡಿಸೆಂಬರಿನಲ್ಲಿ ಲಾರಿ ಹತ್ತಿದರು, ಮತ್ತೆ ಕೋಲಾರಕ್ಕೇ. ಮುಂದಿನ ಮಳೆಗಾಲದ ಮೊದಲು ಒಮ್ಮೆ ಬನ್ನಿ ಎಂದಿದ್ದೆವು. ಪತ್ತನಾಜೆ ಕಳೆದು ನಾಲ್ಕು ದಿನಕ್ಕೆ ಬಂದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿ‌ಎ1ಸಿ 7.4ಕ್ಕೆ ಇಳಿದಿತ್ತು, ಕಾಲಿನಲ್ಲಿ ಗಾಯ ಇರಲಿಲ್ಲ, ನಾಟಿ ಯಂತ್ರಕ್ಕೆ ಮುಂಗಡ ಕೊಟ್ಟಾಗಿತ್ತು.